ಅಲ್ಸಾಸ್‌ನಲ್ಲಿ ಎಲ್ಲಿ ಉಳಿಯೋದು: ಸ್ಟ್ರಾಸ್‌ಬರ್ಗ್, ಕೊಲ್ಮಾರ್, ಇಲ್ಲ ದ್ರಾಕ್ಷಿತೋಟದ ಹಳ್ಳಿ?

ಮೂರು ನಾಲ್ಕು ದಿನಕ್ಕೆ ಫ್ರಾನ್ಸಿನ ಪೂರ್ವ ಅಂಚಿನ ಅಲ್ಸಾಸ್ ಕಡೆ ಹೊರಟವರೆಲ್ಲ ತಡವರಿಸುವುದು ಒಂದೇ ಪ್ರಶ್ನೆಗೆ: ರೂಮು ಎಲ್ಲಿ ಮಾಡೋದು? ಫೋಟೊ ನೋಡಿ ತೀರ್ಮಾನಿಸೋಣ ಅಂತ ಕೂತರೆ ಬಗೆಹರಿಯುವುದಿಲ್ಲ. ಸ್ಟ್ರಾಸ್‌ಬರ್ಗ್, ಕೊಲ್ಮಾರ್, ಬೆಟ್ಟದ ಬುಡದ ಹಳ್ಳಿಗಳು, ಎಲ್ಲ ಕಡೆಯೂ ಗೋಡೆಯಲ್ಲಿ ಮರದ ತೊಲೆ ಎದ್ದು ಕಾಣುವ ಬಣ್ಣದ ಮನೆಗಳು, ಕಿಟಕಿ ತುಂಬ ಜೆರೇನಿಯಂ, ಛಾವಣಿಯ ಮೇಲೆ ಕೊಕ್ಕರೆ ಗೂಡು. ಚೆಂದದ ಮಟ್ಟಿಗೆ ಯಾವ ಊರೂ ಇನ್ನೊಂದಕ್ಕೆ ಕಡಿಮೆಯಿಲ್ಲ.

ಆದ್ದರಿಂದ ಬೇರೆ ಪ್ರಶ್ನೆಯಿಂದ ಶುರುಮಾಡಿ: ಸಂಜೆ ರೂಮಿಗೆ ವಾಪಸ್ ಬರೋದು ಹೇಗೆ?

ಇದು ವೈನ್ ನಾಡು. ಮಧ್ಯಾಹ್ನ ಎರಡು ಕಡೆ ರುಚಿ ನೋಡಿದರೆ ಕಾರು ಓಡಿಸುವ ಹಾಗಿಲ್ಲ. ಫ್ರಾನ್ಸಿನಲ್ಲಿ ಚಾಲಕರ ರಕ್ತದಲ್ಲಿ ಮದ್ಯದ ಮಿತಿ ಲೀಟರಿಗೆ 0.5 ಗ್ರಾಂ, ಲೈಸೆನ್ಸ್ ಹೊಸದಾದರೆ 0.2 ಗ್ರಾಂ. ಹೊಸಬರಿಗೆ ಅಂದರೆ ಒಂದು ಲೋಟವೂ ಬೇಡ ಎಂದೇ ಅರ್ಥ. ಇನ್ನು ಹಳ್ಳಿಗಳಿಗೆ ಹೋಗುವ ಬಸ್ಸುಗಳು ಸಂಜೆಯಾಗುತ್ತಲೇ ನಿಲ್ಲುತ್ತವೆ, ಭಾನುವಾರ ಬಹುತೇಕ ಇರುವುದೇ ಇಲ್ಲ. ಹಾಗಾಗಿ ಊರು ಆರಿಸುವ ಮುಂಚೆ ಐದು ವಿಷಯ ಕಾಗದದ ಮೇಲೆ ಬರೆದುಕೊಳ್ಳಿ: ಕಾರು ಇದೆಯೋ ಇಲ್ಲವೋ, ಎಷ್ಟು ರಾತ್ರಿ, ನಿಮಗೆ ಮುಖ್ಯ ಇತಿಹಾಸವೋ, ವೈನೋ, ಊಟವೋ, ಹೋಗುವ ತಿಂಗಳು, ಜೊತೆಗೆ ಬರುವವರಲ್ಲಿ ಮಾಂಸ ತಿನ್ನದವರು ಇದ್ದಾರೆಯೇ. ಬಜೆಟ್ ಇವೆಲ್ಲದರ ಒಳಗೇ ಅಡಗಿದೆ. ಇಲ್ಲಿ ಖರ್ಚನ್ನು ಏರಿಸುವುದು ಊರಿಗಿಂತ ಹೆಚ್ಚಾಗಿ ತಿಂಗಳು.

ನಾಡಿನ ಅಳತೆ ಮೊದಲು ತಿಳಿದಿರಲಿ. ಪೂರ್ವಕ್ಕೆ ರೈನ್ ನದಿ, ಪಶ್ಚಿಮಕ್ಕೆ ವೋಜ್ ಬೆಟ್ಟಸಾಲು, ನಡುವೆ ಉತ್ತರ ದಕ್ಷಿಣವಾಗಿ ಚಾಚಿದ ಕಿರಿದಾದ ಪಟ್ಟಿ. ಬೆಟ್ಟದ ಬುಡಕ್ಕೆ ಅಂಟಿಕೊಂಡು ಮಾರ್ಲೆನೈಮ್‌ನಿಂದ ಟಾನ್‌ವರೆಗೆ ಸುಮಾರು 170 ಕಿಲೋಮೀಟರ್ ವೈನ್ ರಸ್ತೆ. ಇದನ್ನು 1953ರಲ್ಲಿ ಗುರುತು ಹಾಕಿದರು. ಸ್ಟ್ರಾಸ್‌ಬರ್ಗ್‌ನಿಂದ ಕೊಲ್ಮಾರ್‌ಗೆ ರೈಲಿನಲ್ಲಿ ಅರ್ಧ ಗಂಟೆ ಚಿಲ್ಲರೆ, ರೈಲುಗಳೂ ಮೇಲಿಂದ ಮೇಲೆ. ಪ್ಯಾರಿಸ್‌ನ ಗಾರ್ ದ ಲೆಸ್ಟ್ ನಿಲ್ದಾಣದಿಂದ ಸ್ಟ್ರಾಸ್‌ಬರ್ಗ್‌ಗೆ ಟಿಜಿವಿ ಎಂಬ ವೇಗದ ರೈಲಿನಲ್ಲಿ ಎರಡು ಗಂಟೆಯೊಳಗೆ. ಬೆಂಗಳೂರಿನಿಂದ ಹೊರಡುವವರಿಗೆ ಪ್ಯಾರಿಸ್‌ಗಿಂತ ಫ್ರಾಂಕ್‌ಫರ್ಟ್ ಹತ್ತಿರದ ದಾರಿ. ಕಾರ್ಲ್ಸ್‌ರೂಹೆ, ಸ್ಟುಟ್‌ಗಾರ್ಟ್ ಕಡೆ ಕೆಲಸಕ್ಕಿರುವ ಕನ್ನಡಿಗರಿಗಂತೂ ಇದು ಶನಿವಾರ ಬೆಳಿಗ್ಗೆ ಹೊರಟು ಭಾನುವಾರ ಮನೆ ಸೇರಬಹುದಾದ ಜಾಗ.

ಸ್ಟ್ರಾಸ್‌ಬರ್ಗ್: ಇತಿಹಾಸ ಬೇಕು, ಕಾರು ಬೇಡ ಎನ್ನುವವರಿಗೆ

ಅಲ್ಸಾಸ್ ಅರ್ಥವಾಗಬೇಕಾದರೆ ಅದು ಎಷ್ಟು ಸಲ ಕೈ ಬದಲಾಯಿಸಿತು ಅನ್ನುವುದು ಗೊತ್ತಿರಬೇಕು. 1648ರ ವೆಸ್ಟ್‌ಫಾಲಿಯಾ ಒಪ್ಪಂದದಿಂದ ಈ ನಾಡು ತುಂಡು ತುಂಡಾಗಿ ಫ್ರಾನ್ಸಿಗೆ ಸೇರತೊಡಗಿತು. 1681ರಲ್ಲಿ ಹದಿನಾಲ್ಕನೇ ಲೂಯಿ ಸ್ಟ್ರಾಸ್‌ಬರ್ಗನ್ನೂ ಹಿಡಿದ. 1871ರಲ್ಲಿ ಜರ್ಮನ್ ಸಾಮ್ರಾಜ್ಯ ಕಿತ್ತುಕೊಂಡಿತು, 1918ರಲ್ಲಿ ಮರಳಿ ಫ್ರಾನ್ಸ್, 1940ರಲ್ಲಿ ನಾಜಿಗಳ ಕೈಗೆ, 1944 ಮತ್ತು 45ರಲ್ಲಿ ಮತ್ತೆ ಫ್ರಾನ್ಸ್. 1870ರಲ್ಲಿ ಹುಟ್ಟಿ 75 ವರ್ಷ ಬದುಕಿದ ಅಜ್ಜಿಯೊಬ್ಬಳು ಊರು ಬಿಟ್ಟು ಕದಲದೆ ನಾಲ್ಕು ಸಲ ದೇಶ ಬದಲಿಸಿದ ಹಾಗಾಯಿತು. 1942ರಿಂದ ಇಲ್ಲಿನ ಮತ್ತು ಪಕ್ಕದ ಮೊಸೆಲ್‌ನ ಸುಮಾರು 1,30,000 ಹುಡುಗರನ್ನು ಬಲವಂತವಾಗಿ ಜರ್ಮನ್ ಸೈನ್ಯಕ್ಕೆ ಸೇರಿಸಿದರು. ಅವರನ್ನು ಇಂದಿಗೂ ‘ಮಾಲ್ಗ್ರೆ ನೂ’, ಅಂದರೆ ‘ನಮ್ಮ ಇಷ್ಟಕ್ಕೆ ವಿರುದ್ಧವಾಗಿ’, ಎಂಬ ಹೆಸರಿನಿಂದಲೇ ಕರೆಯುತ್ತಾರೆ. ಮನೆಮನೆಯ ನೋವು ಅದು. ಹರಟೆಯಲ್ಲಿ ಆ ಮಾತು ಬಂದರೆ ಹಗುರವಾಗಿ ತೆಗೆದುಕೊಳ್ಳಬೇಡಿ.

ಈ ಚರಿತ್ರೆಯ ಗುರುತು ದಿನನಿತ್ಯದ ಬದುಕಿನಲ್ಲಿ ಇನ್ನೂ ಇದೆ. ಉಳಿದ ಫ್ರಾನ್ಸಿನಲ್ಲಿ ಜೋಡಿ ಹಳಿಯ ಮೇಲೆ ರೈಲು ಎಡಗಡೆ ಓಡಿದರೆ ಇಲ್ಲಿ ಬಲಗಡೆ, ಏಕೆಂದರೆ ಈ ಜಾಲ ಬೆಳೆದದ್ದು ಜರ್ಮನ್ನರ ಕಾಲದಲ್ಲಿ. 1905ರಲ್ಲಿ ಫ್ರಾನ್ಸ್ ಧರ್ಮವನ್ನೂ ಸರ್ಕಾರವನ್ನೂ ಬೇರೆ ಮಾಡಿದಾಗ ಅಲ್ಸಾಸ್ ಆ ದೇಶದಲ್ಲಿ ಇರಲೇ ಇಲ್ಲ. ಹಾಗಾಗಿ ಇಲ್ಲಿನ ಪಾದ್ರಿಗಳಿಗೆ ಈಗಲೂ ಸರ್ಕಾರದ ಸಂಬಳ. ಪ್ರವಾಸಿಗೆ ನೇರವಾಗಿ ತಟ್ಟುವ ವಿಷಯ ಬೇರೆ: ಡಿಸೆಂಬರ್ 26 ಇಲ್ಲಿ ಹೆಚ್ಚುವರಿ ರಜೆ, ಗುಡ್ ಫ್ರೈಡೆಯೂ ಹೆಚ್ಚಿನ ಕಡೆ ರಜೆ, ಮತ್ತು ಭಾನುವಾರದ ಅಂಗಡಿ ನಿಯಮ ಉಳಿದ ಫ್ರಾನ್ಸಿಗಿಂತ ಬಿಗಿ. ಶನಿವಾರ ಸಂಜೆಯೊಳಗೆ ಹಾಲು, ಬ್ರೆಡ್ಡು, ಹಣ್ಣು ತಂದಿಟ್ಟುಕೊಳ್ಳಿ.

ಸ್ಟ್ರಾಸ್‌ಬರ್ಗ್‌ನ ಕೆಥೆಡ್ರಲ್ ತಿಳಿಗೆಂಪು ಮರಳುಗಲ್ಲಿನದು. ಎತ್ತರ 142 ಮೀಟರ್. 1647ರಿಂದ 1874ರವರೆಗೆ ಜಗತ್ತಿನಲ್ಲಿ ಇದಕ್ಕಿಂತ ಎತ್ತರದ ಕಟ್ಟಡವಿರಲಿಲ್ಲ. 332 ಮೆಟ್ಟಿಲು ಹತ್ತಿದರೆ 66 ಮೀಟರ್ ಮೇಲಿನ ಜಗಲಿ. ಒಳಗಿನ ಖಗೋಳ ಗಡಿಯಾರದ ಬೊಂಬೆಗಳು ಮೆರವಣಿಗೆ ಹೊರಡುವುದು ಹನ್ನೆರಡಕ್ಕಲ್ಲ, 12:30ಕ್ಕೆ. ಅದಕ್ಕೆ ಬೇರೆ ಟಿಕೆಟ್ಟು, ಮುಕ್ಕಾಲು ಗಂಟೆ ಮೊದಲೇ ಸಾಲು. ಕೆಥೆಡ್ರಲ್ ಇರುವ ನಡುಗಡ್ಡೆ 1988ರಲ್ಲಿ ಯುನೆಸ್ಕೊ ಪಟ್ಟಿ ಸೇರಿತು. ಜರ್ಮನ್ನರು ಕಟ್ಟಿದ ‘ನೊಯ್‌ಸ್ಟಾಟ್’ ಬಡಾವಣೆಯನ್ನು 2017ರಲ್ಲಿ ಅದಕ್ಕೆ ಕೂಡಿಸಿದರು. ಹೆಚ್ಚಿನವರು ನಡುಗಡ್ಡೆಯಲ್ಲೇ ಸುತ್ತಿ ಹೊರಟುಬಿಡುತ್ತಾರೆ. ನೊಯ್‌ಸ್ಟಾಟ್‌ನ ಅಗಲ ಬೀದಿಗಳಲ್ಲಿ ಒಂದು ಗಂಟೆ ನಡೆದರೆ ಎರಡು ದೇಶಗಳ ಪೈಪೋಟಿ ಕಲ್ಲಿನಲ್ಲೇ ಕಾಣುತ್ತದೆ.

ವೈನ್ ವಿಚಾರದಲ್ಲಿ ಸ್ಟ್ರಾಸ್‌ಬರ್ಗ್ ಹಿಂದೆ. ತೋಟಗಳು ಊರಿನ ಹೊರಗೆ, ರೈಲು ಹತ್ತಲೇಬೇಕು. ಆದರೆ ಒಂದು ಜಾಗ ಬಿಡಬೇಡಿ: ಸಿವಿಲ್ ಆಸ್ಪತ್ರೆಯ ಕೆಳಗಿನ 1395ರ ನೆಲಮಾಳಿಗೆ. ಅಲ್ಲಿ 1472ರ ಬಿಳಿ ವೈನಿನ ಒಂದು ಪೀಪಾಯಿ ಇದೆ. ಐದೂವರೆ ಶತಮಾನದಲ್ಲಿ ಅದನ್ನು ಅತಿಥಿಗಳಿಗೆ ಸುರಿದದ್ದು ಮೂರೇ ಸಲ. ಮೊದಲ ಸಲ 1576ರಲ್ಲಿ: ಕಷ್ಟ ಬಂದರೆ ಒಂದೇ ದಿನದಲ್ಲಿ ನೆರವಿಗೆ ಬರಬಲ್ಲೆವು ಎಂದು ತೋರಿಸಲು ಜ್ಯೂರಿಚ್‌ನವರು ಬಿಸಿ ಗಂಜಿಯ ಹಂಡೆಯನ್ನು ದೋಣಿಯಲ್ಲಿಟ್ಟು, ಅದು ಆರುವ ಮೊದಲೇ ಇಲ್ಲಿಗೆ ತಂದಿದ್ದರು. ಮೂರನೆಯದು 1944ರಲ್ಲಿ, ಊರನ್ನು ಬಿಡಿಸಿದ ಜನರಲ್ ಲಕ್ಲೇರ್‌ಗೆ. ಆ ಪೀಪಾಯಿಯ ರುಚಿ ನಿಮಗೆ ಸಿಗುವುದಿಲ್ಲ, ಆದರೆ ಅದೇ ಮಾಳಿಗೆಯಲ್ಲಿ ಪಳಗಿದ ಈಗಿನ ಅಲ್ಸಾಸ್ ವೈನ್ ಬಾಟಲಿಗಳು ಅಲ್ಲೇ ಮಾರಾಟಕ್ಕಿವೆ.

ಖರ್ಚು: ಮಾಮೂಲಿ ದಿನಗಳಲ್ಲಿ ಮಧ್ಯಮ ದರ್ಜೆಯ ಡಬಲ್ ರೂಮು ಸುಮಾರು 90ರಿಂದ 130 ಯೂರೊ. ಕಡಿಮೆಯಲ್ಲಿ ಮುಗಿಸಬೇಕಾದರೆ ನದಿಯಾಚೆ ಜರ್ಮನಿಯ ಕೇಲ್ ಊರಿನಲ್ಲಿ ನೋಡಿ. 2017ರಿಂದ ಸ್ಟ್ರಾಸ್‌ಬರ್ಗ್‌ನ ಡಿ ಮಾರ್ಗದ ಟ್ರ್ಯಾಮ್ ಅಲ್ಲಿಗೇ ಹೋಗುತ್ತದೆ. ಗಡಿ ದಾಟುವಾಗ ಪಾಸ್‌ಪೋರ್ಟ್ ಜೇಬಿನಲ್ಲಿರಲಿ, ತಪಾಸಣೆ ಇರುವುದುಂಟು.

ಕೊಲ್ಮಾರ್: ಮೊದಲ ಸಲ ಬರುವ ಬಹುಪಾಲು ಜನರಿಗೆ

ನಾಲ್ಕು ರಾತ್ರಿ, ಕಾರಿಲ್ಲ, ವೈನೂ ನೋಡಬೇಕು ಊರೂ ನೋಡಬೇಕು ಅಂದರೆ ಕೊಲ್ಮಾರ್‌ನಲ್ಲೇ ಇಳಿಯಿರಿ. ಇಲ್ಲಿಂದ ಎಗಿಸೈಮ್ ಹಳ್ಳಿಗೆ ಸೈಕಲ್ಲಿನಲ್ಲಿ ಆರೇಳು ಕಿಲೋಮೀಟರ್, ದಾರಿ ಹೆಚ್ಚುಕಡಿಮೆ ಸಮತಟ್ಟು, ಅರ್ಧ ಗಂಟೆ ಸಾಕು. ಸ್ಟೇಷನ್ ಆಸುಪಾಸಿನಲ್ಲೇ ಬಾಡಿಗೆ ಸೈಕಲ್ ಸಿಗುತ್ತದೆ. ಮುಂಸ್ಟರ್ ಕಣಿವೆಗೆ ಪುಟ್ಟ ರೈಲಿದೆ. ಸೆಲೆಸ್ತಾಗೆ ರೈಲಿನಲ್ಲಿ ಹೋಗಿ, ಪ್ರವಾಸಿ ಕಾಲವಾದರೆ ಅಲ್ಲಿಂದ ಓ ಕೋನಿಗ್ಸ್‌ಬೂರ್ ಕೋಟೆಗೆ ಬಸ್ಸು. ಕೈಸರ್ ಎರಡನೇ ವಿಲ್ಹೆಲ್ಮ್ 1900ರಿಂದ 1908ರವರೆಗೆ ಕಟ್ಟಿಸಿದ ಜೀರ್ಣೋದ್ಧಾರ ಅದು. ಈ ನೆಲ ಜರ್ಮನಿಯದೇ ಎಂದು ಬೆಟ್ಟದ ತುದಿಯಿಂದ ಸಾರುವುದೂ ಅವನ ಉದ್ದೇಶವಾಗಿತ್ತು.

ಕೊಲ್ಮಾರ್‌ನಲ್ಲಿ ಒಂದೇ ಒಂದು ಕಡೆ ಹೋಗಲು ಸಮಯವಿದ್ದರೆ ಕಾಲುವೆ ಬದಿಯ ‘ಪುಟ್ಟ ವೆನಿಸ್’ ಬಿಟ್ಟು ಉಂಟರ್‌ಲಿಂಡನ್ ಮ್ಯೂಸಿಯಂಗೆ ಹೋಗಿ (ಮಂಗಳವಾರ ರಜೆ). 1512ರಿಂದ 1516ರೊಳಗೆ ಗ್ರ್ಯೂನೆವಾಲ್ಡ್ ಎಂಬ ಚಿತ್ರಕಾರ ಬರೆದ ಈಸೆನೈಮ್ ಪೂಜಾಪಟಲ, ಅಂದರೆ ಪೂಜಾಪೀಠದ ಚಿತ್ರಫಲಕ, ಅಲ್ಲಿದೆ. ಹತ್ತಿರ ನಿಂತು ಶಿಲುಬೆಯ ಮೇಲಿನ ಕ್ರಿಸ್ತನ ಚರ್ಮ ನೋಡಿ: ಹಸಿರಾಗಿ ಕೊಳೆಯುತ್ತಿರುವ ಮೈ, ಮೈತುಂಬ ಚುಚ್ಚಿಕೊಂಡ ಮುಳ್ಳು, ನೋವಿಗೆ ಸೆಟೆದು ಬಿರಿದ ಬೆರಳು. ಈ ಚಿತ್ರ ಇದ್ದದ್ದು ಸಂತ ಆಂತೋನಿಯ ಮಠದಲ್ಲಿ, ಅಲ್ಲಿ ನೋಡಿಕೊಳ್ಳುತ್ತಿದ್ದದ್ದು ‘ಆಂತೋನಿಯ ಬೆಂಕಿ’ ಎಂಬ ಬೇನೆಯವರನ್ನು. ರೈ ಧಾನ್ಯಕ್ಕೆ ತಗಲುವ ಬೂಷ್ಟಿನ ವಿಷದಿಂದ ಕೈಕಾಲು ಕೊಳೆಯುವ ರೋಗ ಅದು. ಹಾಸಿಗೆ ಹಿಡಿದವರಿಗೆ ತಮ್ಮದೇ ಹುಣ್ಣುಗಳನ್ನು ದೇವರ ಮೈಮೇಲೆ ತೋರಿಸಿದ ಚಿತ್ರ. ಐನೂರು ವರ್ಷ ಹಳೆಯದು, ಇಂದಿಗೂ ಎದುರಿಗೆ ನಿಂತವರ ಮಾತು ನಿಲ್ಲಿಸುತ್ತದೆ.

ಕೊಲ್ಮಾರ್‌ನ ತೊಂದರೆ ಜನಜಂಗುಳಿ. ಬೆಳಿಗ್ಗೆ ಹತ್ತರಿಂದ ಸಂಜೆ ಐದರವರೆಗೆ ಟೂರ್ ಬಸ್ಸಿನವರು ತುಂಬಿರುತ್ತಾರೆ. ಅಲ್ಲೇ ಉಳಿದವರಿಗೆ ಸಿಗುವ ಲಾಭವೂ ಇದೇ: ಎಂಟಕ್ಕೆ ಮೊದಲು, ಸಂಜೆ ಆರರ ನಂತರ ಊರು ನಿಮ್ಮದು. ಹಗಲು ಹೊತ್ತನ್ನು ಹಳ್ಳಿಗಳಿಗೆ ಇಟ್ಟುಕೊಳ್ಳಿ.

ಹಳ್ಳಿ: ವೈನೇ ಮುಖ್ಯ ಅನ್ನುವವರಿಗೆ

ತೋಟದ ಮಾಲೀಕರ ಮನೆಯಲ್ಲೇ ಬಾಡಿಗೆ ಕೋಣೆ ಸಿಗುತ್ತದೆ, ಸಾಧಾರಣವಾಗಿ 70ರಿಂದ 100 ಯೂರೊ, ಹೆಚ್ಚಿನ ಕಡೆ ಬೆಳಗಿನ ತಿಂಡಿ ಸೇರಿ. ರಾತ್ರಿ ವೈನ್ ಕುಡಿದು ಮೆಟ್ಟಿಲು ಹತ್ತಿ ಮಲಗಬಹುದು, ವಾಪಸ್ ಬರುವ ಪ್ರಶ್ನೆಯೇ ಇಲ್ಲ. ಆದರೆ ಲಗೇಜು ಹೊತ್ತು ಅಲ್ಲಿಗೆ ತಲುಪಲು ಕಾರು ಬೇಕು, ಇಲ್ಲವೇ ರೈಲಿರುವ ಹಳ್ಳಿಯನ್ನೇ ಆರಿಸಬೇಕು.

ರೈಲಿರುವ ಹಳ್ಳಿಗಳು ಉತ್ತರದ ಕಡೆಯವು: ಓಬರ್ನೆ, ಬಾರ್. ಎರಡಕ್ಕೂ ಸ್ಟ್ರಾಸ್‌ಬರ್ಗ್‌ನಿಂದ ನೇರ ರೈಲು. ಬಾರ್‌ನಿಂದ ತೋಟದ ನಡುವೆ ಸ್ವಲ್ಪ ನಡೆದರೆ ಮಿಟೆಲ್‌ಬರ್ಗೈಮ್. ಹೆಸರು ಅಷ್ಟು ಕೇಳಿಬರದ ಈ ಕಡೆ ದರ ಕಡಿಮೆ, ಬಾಗಿಲು ತೆರೆದವರಿಗೆ ಮಾತಾಡಲು ಪುರುಸೊತ್ತೂ ಇರುತ್ತದೆ. ಎರಡನೇ ಸಲ ಅಲ್ಸಾಸ್‌ಗೆ ಬರುವವರಿಗೆ ನಿಸ್ಸಂಕೋಚವಾಗಿ ಇದೇ ಕಡೆ ಎನ್ನುತ್ತೇವೆ.

ದಕ್ಷಿಣದ ಹೆಸರಾಂತ ಹಳ್ಳಿಗಳಲ್ಲಿ ಎಗಿಸೈಮ್‌ನ ಬೀದಿಗಳು ಉಂಗುರದ ಹಾಗೆ ಸುತ್ತಿಕೊಂಡಿವೆ. ರಿಕ್‌ವೀರ್ ಎಲ್ಲಕ್ಕಿಂತ ಹಳೆಯ ಚಹರೆ ಉಳಿಸಿಕೊಂಡಿದೆ, ಎಲ್ಲಕ್ಕಿಂತ ಹೆಚ್ಚು ಗದ್ದಲವೂ ಅಲ್ಲೇ. ಉಳಿಯಲು ರಿಬೊವಿಲೆ ವಾಸಿ: ಜನ ನಿಜವಾಗಿ ಬಾಳುವ ಊರು, ದಿನಸಿ ಅಂಗಡಿ, ಔಷಧಿ ಅಂಗಡಿ ಎಲ್ಲ ಇವೆ. ಅಲ್ಲಿಂದ ಹುನಾವೀರ್ ಮೇಲಾಸಿ ರಿಕ್‌ವೀರ್‌ಗೆ ತೋಟದ ನಡುವೆ ಸುಮಾರು ಐದು ಕಿಲೋಮೀಟರ್ ನಡಿಗೆ. ಹುನಾವೀರ್‌ನ ಕೋಟೆಗೋಡೆಯ ಚರ್ಚಿನಲ್ಲಿ ಕ್ಯಾಥೊಲಿಕರೂ ಪ್ರಾಟೆಸ್ಟೆಂಟರೂ ಒಂದೇ ಸೂರಿನಡಿ ಸರದಿಯ ಮೇಲೆ ಪೂಜೆ ಮಾಡುತ್ತ ಬಂದಿದ್ದಾರೆ. ಹತ್ತಿರದ ಬೆನ್‌ವೀರ್, ಸಿಗೊಲ್ಸೈಮ್‌ಗಳಲ್ಲಿ ಹಳೆಯ ಮನೆಗಳು ಕಾಣುವುದಿಲ್ಲ. 1944ರ ಚಳಿಗಾಲದ ಕಾಳಗದಲ್ಲಿ ಆ ಊರುಗಳು ನೆಲಸಮವಾಗಿ, ಯುದ್ಧ ಮುಗಿದ ಮೇಲೆ ಹೊಸದಾಗಿ ಎದ್ದವು. ‘ಇಲ್ಲೇನೂ ಇಲ್ಲ’ ಅಂತ ದಾಟಿಹೋಗುವ ಮೊದಲು ಇದು ನೆನಪಿರಲಿ.

ತಿಂಗಳ ಲೆಕ್ಕ ಹೀಗೆ. ಮೇ, ಜೂನ್ ಎಲ್ಲರಿಗೂ ಒಳ್ಳೆಯದು, ಬಿಳಿ ಆಸ್ಪ್ಯಾರಗಸ್ ಕಾಲವೂ ಹೌದು. ಸೆಪ್ಟೆಂಬರ್ ಕೊಯ್ಲಿನ ತಿಂಗಳು: ನೋಡಲು ಹಬ್ಬ, ಆದರೆ ಚಿಕ್ಕ ತೋಟದವರಿಗೆ ನಿಮ್ಮನ್ನು ಕೂರಿಸಿ ರುಚಿ ತೋರಿಸಲು ಕೈ ಬಿಡುವಿರುವುದಿಲ್ಲ. ನವೆಂಬರ್ ಕೊನೆಯಿಂದ ಡಿಸೆಂಬರ್ 24ರವರೆಗೆ ಕ್ರಿಸ್‌ಮಸ್ ಸಂತೆ. ಸ್ಟ್ರಾಸ್‌ಬರ್ಗ್‌ನದು 1570ರಿಂದ ನಡೆದುಬಂದದ್ದು. ಆಗ ರೂಮಿನ ದರ ಎರಡರಷ್ಟಾದರೂ ಆಶ್ಚರ್ಯವಿಲ್ಲ, ಆರು ತಿಂಗಳ ಮೊದಲೇ ಕಾಯ್ದಿರಿಸಬೇಕು. ಜನವರಿ, ಫೆಬ್ರವರಿ ಅಗ್ಗ, ಆದರೆ ಊಟದ ಮನೆಗಳು ವಾರಗಟ್ಟಲೆ ಬಾಗಿಲು ಹಾಕಿರುತ್ತವೆ.

ಯಾವ ವೈನ್, ಯಾರಿಗೆ

ಫ್ರಾನ್ಸಿನ ಹೆಚ್ಚಿನ ವೈನ್ ಬಾಟಲಿಯ ಮೇಲೆ ಊರಿನ ಹೆಸರಿದ್ದರೆ ಅಲ್ಸಾಸ್‌ನಲ್ಲಿ ದ್ರಾಕ್ಷಿಯ ಹೆಸರೇ ಇರುತ್ತದೆ. ಹೊಸಬರಿಗೆ ಇದೊಂದು ದೊಡ್ಡ ಅನುಕೂಲ. ಸುಮಾರು ಹತ್ತಕ್ಕೆ ಒಂಬತ್ತು ಪಾಲು ಬಿಳಿ ವೈನ್. ಪಶ್ಚಿಮದಿಂದ ಬರುವ ಮಳೆಮೋಡಗಳನ್ನು ವೋಜ್ ಬೆಟ್ಟಗಳು ತಡೆಯುವುದರಿಂದ ಕೊಲ್ಮಾರ್‌ನಲ್ಲಿ ವರ್ಷಕ್ಕೆ 600 ಮಿಲಿಮೀಟರ್ ಆಸುಪಾಸು ಮಳೆ ಅಷ್ಟೇ. ಪಶ್ಚಿಮ ಘಟ್ಟ ದಾಟಿದ ಮೇಲಿನ ನಮ್ಮ ಬಯಲುಸೀಮೆಯ ಕಥೆಯೇ ಇದೂ. ಮಳೆ ಕಡಿಮೆಯಾದ್ದರಿಂದ ಹಣ್ಣು ಕೊಳೆಯದೆ ಅಕ್ಟೋಬರ್‌ವರೆಗೂ ಬಳ್ಳಿಯಲ್ಲೇ ಮಾಗಬಲ್ಲದು.

ಕೊಳ್ಳುವವರು ಎಡವುವುದು ಸಿಹಿಯ ವಿಚಾರದಲ್ಲಿ. ಊಟಕ್ಕೆಂದು ಒಣ, ಅಂದರೆ ಸಿಹಿಯಿಲ್ಲದ, ವೈನ್ ಬೇಕಿದ್ದವರು ಮನೆಗೆ ಬಂದು ತೆರೆದರೆ ಜೇನಿನಂತಿರುತ್ತದೆ. 2021ರ ಬೆಳೆಯಿಂದ ಲೇಬಲ್ಲಿನಲ್ಲಿ ಸಿಹಿ ಎಷ್ಟೆಂದು ಹೇಳುವುದು ಕಡ್ಡಾಯ. ನಾಲ್ಕು ಪದ ಬಾಯಿಪಾಠ ಮಾಡಿಕೊಳ್ಳಿ: ‘ಸೆಕ್’ ಅಂದರೆ ಲೀಟರಿಗೆ ಸಾಧಾರಣವಾಗಿ 4 ಗ್ರಾಂವರೆಗೆ ಸಕ್ಕರೆ, ‘ದೆಮಿ ಸೆಕ್’ 12ರವರೆಗೆ, ‘ಮ್ವಾಲೂ’ 45ರವರೆಗೆ, ಅದಕ್ಕೂ ಮೇಲೆ ‘ದೂ’. ಹುಳಿ ಜಾಸ್ತಿಯಿದ್ದರೆ 9 ಗ್ರಾಂ ಇದ್ದರೂ ಸೆಕ್ ಅಂತಲೇ ಬರೆಯಬಹುದು. ನಾಲಿಗೆಗೆ ಅದು ಸಿಹಿ ಅನ್ನಿಸುವುದೂ ಇಲ್ಲ. ಹಳೆಯ ಬಾಟಲಿಯಾದರೆ ಮಾರುವವರನ್ನೇ ಕೇಳಬೇಕು.

ರೀಸ್ಲಿಂಗ್ ಇಲ್ಲಿನ ಒಡೆಯ: ಒಣ, ನಿಂಬೆಯಂಥ ಹುಳಿ, ಮೀನಿಗೂ ಹುಳಿಬರಿಸಿದ ಎಲೆಕೋಸಿನ ಶೂಕ್ರೂತ್‌ಗೂ ಸರಿ. ವರ್ಷ ಕಳೆದಂತೆ ಸೀಮೆಎಣ್ಣೆಯ ಛಾಯೆಯ ಒಂದು ವಾಸನೆ ಬರುತ್ತದೆ. ಕೆಟ್ಟುಹೋಗಿದೆ ಅಂತ ಚೆಲ್ಲಬೇಡಿ, ಅದು ಆ ದ್ರಾಕ್ಷಿಯ ಗುಣ. ಗೆವುರ್ಜ್‌ಟ್ರಾಮಿನರ್ ಮೂಗಿಗೆ ಹಿಡಿದೊಡನೆ ಗುಲಾಬಿ, ಲಿಚಿ. ಹುಳಿ ಕಡಿಮೆ, ಮದ್ಯಾಂಶ ಹೆಚ್ಚು, ಅನೇಕ ಸಲ ಸಿಹಿ. ವೈನ್ ರೂಢಿಯೇ ಇಲ್ಲದವರಿಗೆ ಮೊದಲ ಗುಟುಕಿಗೇ ಇಷ್ಟವಾಗುವುದು ಇದು, ಎರಡನೇ ಲೋಟಕ್ಕೆ ಭಾರವಾಗುವುದೂ ಇದೇ. ಪಿನೊ ಗ್ರಿ ಎರಡರ ನಡುವೆ: ಮೈತುಂಬಿದ ರುಚಿ, ಅಣಬೆ, ಮಾಂಸ, ಗೆಣಸಿನಂಥ ತರಕಾರಿಗೆ ಒಗ್ಗುತ್ತದೆ. ಜೇಬು ನೋಡಿಕೊಳ್ಳುವವರಿಗೆ ಪಿನೊ ಬ್ಲಾಂ, ಸಿಲ್ವಾನರ್: ತೋಟದ ಬಾಗಿಲಲ್ಲೇ ಸುಮಾರು 7ರಿಂದ 11 ಯೂರೊ. ಸಿಲ್ವಾನರ್ ಅಗ್ಗದ ದ್ರಾಕ್ಷಿ ಎಂದು ಮೂಗು ಮುರಿಯುವವರಿದ್ದಾರೆ. ಮಿಟೆಲ್‌ಬರ್ಗೈಮ್‌ನ ಜೊಟ್ಸೆನ್‌ಬರ್ಗ್ ಇಳಿಜಾರಿನಲ್ಲಿ ಅದಕ್ಕೇ ‘ಗ್ರಾಂ ಕ್ರೂ’ ಎಂಬ ಮೇಲ್ದರ್ಜೆಯ ಪಟ್ಟ ಸಿಕ್ಕಿದೆ, ಅದನ್ನು ಕುಡಿದು ನೋಡಿ ಆಮೇಲೆ ತೀರ್ಪು ಕೊಡಿ. ಸಂಭ್ರಮಕ್ಕೆ ಗುಳ್ಳೆ ವೈನ್ ಬೇಕಾದರೆ ಕ್ರೆಮಾಂ: ಶಾಂಪೇನ್‌ನಂತೆ ಬಾಟಲಿಯೊಳಗೇ ಎರಡನೇ ಸಲ ಹುದುಗಿಸಿದ್ದು, ಬೆಲೆ ಅದರ ಅರ್ಧಕ್ಕೂ ಕಡಿಮೆ.

ಗ್ರಾಂ ಕ್ರೂ ಅಂದರೆ ಹೆಸರು ಪಡೆದ 51 ಇಳಿಜಾರುಗಳು. ಬಾಟಲಿ ಸುಮಾರು 18ರಿಂದ 35 ಯೂರೊ. ಅದೇ ಸಂಜೆ ಕುಡಿಯಲು ಇದಕ್ಕೆ ದುಡ್ಡು ಹಾಕಬೇಡಿ. ಒಳ್ಳೆಯ ಗ್ರಾಂ ಕ್ರೂ ರೀಸ್ಲಿಂಗ್ ಎಳೆಯದಿದ್ದಾಗ ಬಿಗಿಮುಷ್ಟಿಯಂತಿರುತ್ತದೆ, ಐದಾರು ವರ್ಷ ಕಾಯಬಲ್ಲವರಿಗೆ ಸರಿ. ಇಟ್ಟುಕೊಳ್ಳಲು ತಂಪಾದ ಜಾಗವಿಲ್ಲದವರು ಅದೇ ಹಣದಲ್ಲಿ ಸಾಮಾನ್ಯ ದರ್ಜೆಯ ಎರಡು ಬಾಟಲಿ ಕೊಳ್ಳುವುದು ಮೇಲು.

ರುಚಿ ನೋಡುವಾಗ ಒಣದಿಂದ ಸಿಹಿಗೆ ಹೋಗಿ: ಸಿಲ್ವಾನರ್, ಪಿನೊ ಬ್ಲಾಂ, ರೀಸ್ಲಿಂಗ್, ಪಿನೊ ಗ್ರಿ, ಕೊನೆಗೆ ಗೆವುರ್ಜ್‌ಟ್ರಾಮಿನರ್ ಮತ್ತು ತಡವಾಗಿ ಕೊಯ್ದ ‘ವಾಂದಾಂಜ್ ತಾರ್ದಿವ್’. ಹಿಂದುಮುಂದಾದರೆ ಸಿಹಿಯ ನಂತರ ರೀಸ್ಲಿಂಗ್ ಬರೀ ಹುಳಿಯೆನಿಸುತ್ತದೆ. ಉಗುಳುವ ಪಾತ್ರೆ ಅಲ್ಲೇ ಇರುತ್ತದೆ, ಬಳಸಿದರೆ ಯಾರೂ ಬೇಸರಿಸುವುದಿಲ್ಲ. ಹನ್ನೆರಡರಿಂದ ಎರಡು ಊಟದ ಹೊತ್ತು, ಬಾಗಿಲು ತಟ್ಟಬೇಡಿ. ಚಿಕ್ಕ ತೋಟಗಳಲ್ಲಿ ರುಚಿಗೆ ದುಡ್ಡು ಕೇಳದಿದ್ದರೆ ಒಂದೆರಡು ಬಾಟಲಿ ಕೊಳ್ಳುವುದು ಮರ್ಯಾದೆ.

ತಟ್ಟೆಯಲ್ಲಿ ಏನಿದೆ ಅಂತ ತಿಳಿದು ಆರಿಸಿ

ಮಾಂಸ ತಿನ್ನುವವರಿಗೆ ಇಲ್ಲಿ ಚಿಂತೆಯಿಲ್ಲ, ಹೊಟ್ಟೆ ಸಾಲದು ಅನ್ನುವುದೊಂದೇ. ಬೆಕೆಯೋಫೆ ಎಂದರೆ ದನ, ಹಂದಿ, ಕುರಿ ಮೂರೂ ಮಾಂಸವನ್ನು ರಾತ್ರಿಯಿಡೀ ಬಿಳಿ ವೈನಿನಲ್ಲಿ ನೆನೆಸಿ, ಆಲೂಗಡ್ಡೆಯ ಪದರದ ನಡುವೆ ಮಣ್ಣಿನ ಪಾತ್ರೆಯಲ್ಲಿಟ್ಟು, ಮುಚ್ಚಳದ ಸಂದಿಗೆ ಹಿಟ್ಟಿನ ಹಗ್ಗ ಮೆತ್ತಿ ಗಂಟೆಗಟ್ಟಲೆ ಬೇಯಿಸಿದ್ದು. ಬಹಳ ಕಡೆ ಹಿಂದಿನ ದಿನವೇ ಹೇಳಿರಬೇಕು, ಇಬ್ಬರಿಗಿಂತ ಕಡಿಮೆಗೆ ಮಾಡುವುದಿಲ್ಲ. ದನದ ಮಾಂಸವೋ ಹಂದಿ ಮಾಂಸವೋ ತಿನ್ನದವರಿಗೆ ಇದು ಆಗದು. ಅಂಥವರು ರೀಸ್ಲಿಂಗ್‌ನಲ್ಲಿ ಬೇಯಿಸಿದ ಕೋಳಿ ಅಥವಾ ಹೊಳೆಮೀನಿನ ‘ಮಾತ್‌ಲೋತ್’ ಕೇಳಬಹುದು, ಆದರೆ ಕೋಳಿಗೂ ಹಂದಿಯ ಚೂರು ಹಾಕಿದ್ದಾರೆಯೇ ಎಂದು ವಿಚಾರಿಸಿಯೇ ಹೇಳಿ.

ಸಸ್ಯಾಹಾರಿಗಳು ಮೋಸಹೋಗುವುದು ಶೂಕ್ರೂತ್‌ನಲ್ಲಿ. ತೆಳ್ಳಗೆ ಹೆಚ್ಚಿದ ಎಲೆಕೋಸನ್ನು ಉಪ್ಪು ಹಾಕಿ ವಾರಗಟ್ಟಲೆ ಹುಳಿಬರಿಸಿದ್ದು, ಅಷ್ಟರಮಟ್ಟಿಗೆ ನಮ್ಮ ಉಪ್ಪಿನಕಾಯಿಯ ಬಳಗವೇ. ಆದರೆ ಹೋಟೆಲಿನಲ್ಲಿ ಅದನ್ನು ಬೇಯಿಸುವುದು ಹಂದಿಯ ಅಥವಾ ಬಾತುಕೋಳಿ ಜಾತಿಯ ಹೆಬ್ಬಾತಿನ ಕೊಬ್ಬಿನಲ್ಲಿ. ಮೇಲಿನ ಸಾಸೇಜು ತೆಗೆದಿಟ್ಟರೆ ಸಸ್ಯಾಹಾರ ಆಗುವುದಿಲ್ಲ. ಸಂತೆಯಲ್ಲಿ ಸಿಗುವ ಹಸಿ ಶೂಕ್ರೂತ್ ಕೊಂಡು, ಎರಡು ಸಲ ತೊಳೆದು, ಅಡುಗೆಮನೆ ಇರುವ ರೂಮಿನಲ್ಲಿ ಎಣ್ಣೆ, ಈರುಳ್ಳಿ, ಒಂದು ಲೋಟ ರೀಸ್ಲಿಂಗ್ ಹಾಕಿ ಬೇಯಿಸಿಕೊಳ್ಳಬಹುದು.

ಎಲ್ಲರೂ ಒಟ್ಟಿಗೆ ಕೂತು ತಿನ್ನಬಹುದಾದದ್ದು ತಾರ್ತ್ ಫ್ಲಾಂಬೆ, ಅಲ್ಲಿನವರ ಬಾಯಲ್ಲಿ ಫ್ಲಾಮ್‌ಕುಶ್. ಹಿಂದೆ ಸೌದೆ ಒಲೆ ರೊಟ್ಟಿಗೆ ಹದವಾಯಿತೇ ಎಂದು ನೋಡಲು ಹಾಕುತ್ತಿದ್ದ ಹಿಟ್ಟಿನ ತುಂಡು. ಯೀಸ್ಟ್ ಇಲ್ಲದ ಹಿಟ್ಟನ್ನು ಎರಡು ಮಿಲಿಮೀಟರ್ ದಪ್ಪಕ್ಕೆ ಲಟ್ಟಿಸಿ, ಕೆನೆಯನ್ನೂ ನೀರು ಬಸಿದ ಹಸಿ ಚೀಸನ್ನೂ ಕಲಸಿ ಸವರಿ, ಕಾಗದದಷ್ಟು ತೆಳುವಾದ ಈರುಳ್ಳಿ, ಹಂದಿಮಾಂಸದ ಚೂರು ಉದುರಿಸಿ ಉರಿಯ ಪಕ್ಕ ತಳ್ಳುತ್ತಾರೆ. ಎರಡು ಮೂರು ನಿಮಿಷದಲ್ಲಿ ಅಂಚು ಕಪ್ಪಾಗಿ ಹೊರಬರುತ್ತದೆ, ಮರದ ಹಲಗೆಯ ಮೇಲೆ ತಂದಿಡುತ್ತಾರೆ, ಕೈಯಲ್ಲಿ ಸುರುಳಿ ಸುತ್ತಿ ತಿನ್ನಬೇಕು. ‘ಸಾಂ ಲಾರ್ದೊಂ’ ಅಂದರೆ ಮಾಂಸದ ಚೂರಿಲ್ಲದೆ ಮಾಡಿಕೊಡುತ್ತಾರೆ. ಗಮನಿಸಿ: ಅಣಬೆಯ ‘ಫೊರೆಸ್ತ್ಯೇರ್’, ಚೀಸಿನ ‘ಗ್ರಾತಿನೆ’ ಕೇಳಿದರೂ ಚೂರು ಇದ್ದೇ ಇರುತ್ತದೆ, ಬೇಡವೆಂದು ಬಾಯಿಬಿಟ್ಟು ಹೇಳಬೇಕು. ಬೆಲೆ ಸುಮಾರು 10ರಿಂದ 14 ಯೂರೊ. ಒಲೆ ಹೊತ್ತಿಸುವುದು ಸಂಜೆಗೆ ಆದ್ದರಿಂದ ಅನೇಕ ಕಡೆ ಮಧ್ಯಾಹ್ನ ಸಿಗುವುದೇ ಇಲ್ಲ.

ಇನ್ನೊಂದು ಆಸರೆ ಬಿಬೆಲೆಸ್‌ಕೇಸ್: ಗಟ್ಟಿಮೊಸರಿನಂಥ ಹಸಿ ಚೀಸಿಗೆ ಬೆಳ್ಳುಳ್ಳಿ, ಸೊಪ್ಪು ಕಲಸಿ ಹುರಿದ ಆಲೂಗಡ್ಡೆಯ ಜೊತೆ. ಮೊಸರು ಬಿಟ್ಟಿರಲಾರದವರಿಗೆ ಹೊಟ್ಟೆ ತಣ್ಣಗಾಗುತ್ತದೆ; ಆಲೂಗಡ್ಡೆಗೂ ಮಾಂಸದ ಚೂರು ಬೇಡ ಎನ್ನಿ. ಹಿಟ್ಟಿನ ಪುಟ್ಟ ತುಂಡುಗಳನ್ನು ಬೇಯಿಸಿದ ಸ್ಪೇಟ್ಸ್‌ಲೆಯಲ್ಲಿ ಮೊಟ್ಟೆ ಇರುತ್ತದೆ. ಒಣದ್ರಾಕ್ಷಿ, ಬಾದಾಮಿ ಹಾಕಿದ ಕೇಕಿನಂಥ ಸಿಹಿ ಕೂಗೆಲೋಫ್‌ನಲ್ಲೂ ಮೊಟ್ಟೆ ಇರುತ್ತದೆ, ಉಪ್ಪಿನ ಕೂಗೆಲೋಫ್‌ನಲ್ಲಂತೂ ಮಾಂಸವಿದೆ. ಮುಂಸ್ಟರ್ ಚೀಸ್ ಮೂಗಿಗೆ ಜೋರು, ನಾಲಿಗೆಗೆ ಮೃದು. ಹಾಲು ಒಡೆಸಲು ಕರುವಿನ ಹೊಟ್ಟೆಯ ರೆನೆಟ್ ಬಳಸುವುದರಿಂದ ಕಟ್ಟುನಿಟ್ಟಿನವರಿಗೆ ಆಗದು. ಅದರ ಜೊತೆ ‘ಕ್ಯುಮಾಂ’ ಅಂತ ಕೊಡುವುದು ನಮ್ಮ ಜೀರಿಗೆಯಲ್ಲ, ಕ್ಯಾರವೇ ಬೀಜ.

ಮನೆಗೆ ಒಯ್ಯುವವರಿಗೆ: ಭಾರತಕ್ಕೆ ಸುಂಕವಿಲ್ಲದೆ ತರಬಹುದಾದದ್ದು ವಯಸ್ಕರೊಬ್ಬರಿಗೆ 2 ಲೀಟರ್, ಅಂದರೆ 750 ಮಿಲಿಯ ಎರಡು ಬಾಟಲಿ, ಜೊತೆಗೆ ಅರ್ಧ ಲೀಟರಿನ ಸಿಹಿ ವೈನ್ ಒಂದು. ಅಲ್ಸಾಸ್ ಬಾಟಲಿ ಕೊಕ್ಕರೆಯ ಕತ್ತಿನಂತೆ ಉದ್ದ ತೆಳ್ಳಗಿರುವುದರಿಂದ ಮಾಮೂಲಿ ರಟ್ಟಿನ ಖಾನೆಗಳಲ್ಲಿ ಕೂರುವುದಿಲ್ಲ. ತೋಟದವರ ಹತ್ತಿರವೇ ಅದರ ಪೆಟ್ಟಿಗೆ ಕೇಳಿ, ಚೆಕ್‌ಇನ್ ಸೂಟ್‌ಕೇಸಿನ ನಡುವೆ ಬಟ್ಟೆ ಸುತ್ತಿಡಿ. ಮನೆಯ ಖಾರದ ಅಡುಗೆಯ ಜೊತೆ ಕುಡಿಯುವ ಯೋಚನೆಯಿದ್ದರೆ ಒಣ, ಮದ್ಯಾಂಶ ಹೆಚ್ಚಿನ ವೈನ್ ಬೇಡ, ಮೆಣಸಿನ ಉರಿಯನ್ನು ಅದು ಇನ್ನಷ್ಟು ಕೆರಳಿಸುತ್ತದೆ. ಕೋಳಿ ಗಸಿಯಂಥ ತೆಂಗಿನಕಾಯಿಯ ಸಾರಿಗೆ ದೆಮಿ ಸೆಕ್ ಪಿನೊ ಗ್ರಿ, ಹುಣಸೆಹುಳಿ ಮುಂದಾದ ಮೀನಿಗೆ ದೆಮಿ ಸೆಕ್ ರೀಸ್ಲಿಂಗ್, ಎರಡನ್ನೂ ಫ್ರಿಜ್ಜಿನಿಂದ ತೆಗೆದು ಹತ್ತು ನಿಮಿಷ ಬಿಟ್ಟು ಸುರಿಯಿರಿ.